ಪೆಟ್ಟಿಗೆಯ ಸಿಪಾಯಿ, ಕಟ್ಟೆಯ ಹುಲಿ

ಬಕ್ರೀದ್ ಮುಗಿದ ಮರುದಿನ ನಾವು ತಂಬ್ರಹಳ್ಳಿಯಲ್ಲಿದ್ದೆವು. ಹಗರಿಬೊಮ್ಮನಹಳ್ಳಿ ತಾಲೂಕಿನ ಈ ಊರನ್ನು ಹೊರಗಿನವರು ಬಂಡೆ ರಂಗನಾಥನ ಹೆಸರಿನಿಂದ ಬಲ್ಲರು. ನಮಗೆ ಅದು ಹಳೆಯ ಗೆಳೆಯರೊಬ್ಬರ ಊರು. ಅವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬರುವಾಗ ತಾಯಿಗೆ ಸೀರೆ, ತಂದೆಗೆ ಚಪ್ಪಲಿ ತಂದಂತೆ ತನಗಾಗಿ ಒಂದು ದೊಡ್ಡ ಪೆಟ್ಟಿಗೆಯನ್ನೂ ತಂದಿದ್ದ. ಅದನ್ನು ಬಿಚ್ಚಿದಾಗ ಓಣಿಯ ಮಕ್ಕಳೆಲ್ಲ ಬಾಗಿಲಲ್ಲಿ ಜಮಾಯಿಸಿದರು. ಒಳಗೆ ಇದ್ದದ್ದು ಒಂದು ದಂಡು! ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರು, ಒಬ್ಬೊಬ್ಬನ ಕಣ್ಣು, ಹುಬ್ಬು, ಸೊಂಟದ ಪಟ್ಟಿಗೂ ಕೂದಲಿನಷ್ಟು ಸಣ್ಣ ಕುಂಚದಿಂದ ಬಣ್ಣ ಹಚ್ಚಲಾಗಿತ್ತು. ಅವರ ನಡುವೆ ಮೂರು ನಾಲ್ಕು ದೈತ್ಯಾಕಾರದ ಮೃಗಗಳು. ಜೊತೆಗೆ ಒಂದು ಹಿಡಿ ದಾಳ, ದರ್ಜಿಯವರಲ್ಲಿ ಇರುವಂಥ ಅಳತೆಯ ಪಟ್ಟಿ ಮತ್ತು ಧರ್ಮಶಾಸ್ತ್ರದಷ್ಟು ದಪ್ಪನೆಯ ನಿಯಮಗಳ ಪುಸ್ತಕ.

ಎರಡು ಮಂಚ ಜೋಡಿಸಿ, ಮೇಲೆ ಪ್ಲೈವುಡ್ ಹಲಗೆ ಇಟ್ಟು, ಹಲಗೆಯ ಮೇಲೆ ಪುಸ್ತಕಗಳನ್ನು ಪೇರಿಸಿ ಹಸಿರು ಚಾದರ ಹೊದಿಸಿದಾಗ ಗುಡ್ಡಗಳು ತಯಾರಾದವು. ಒಂದು ನೀಲಿ ದಾವಣಿ ತುಂಗಭದ್ರೆಯಾಯಿತು. ಹುಡುಗ ಮತ್ತು ಅವನ ಚಿಕ್ಕಪ್ಪನ ಮಗ ಸುಮಾರು ಮೂರು ಗಂಟೆ ಕಾಲ ಕದನ ನಡೆಸಿದರು. ಎದುರು ಮನೆಯ ತಾತ ಊರುಗೋಲಿಗೆ ಗದ್ದ ಆನಿಸಿ ನೋಡುತ್ತಲೇ ಇದ್ದರು. ಪೆಟ್ಟಿಗೆಗೆ ಎಷ್ಟಾಯಿತೆಂದು ಕೇಳಿ ತಿಳಿದುಕೊಂಡ ಮೇಲೆ, "ಅಲ್ಲೋ ತಮ್ಮಾ, ಇಷ್ಟು ರೊಕ್ಕಕ್ಕ ಎರಡು ಹೋತ ಬರ್ತಿದ್ವಲ್ಲೋ" ಎಂದರು. ಮಕ್ಕಳು ನಕ್ಕರು. ಆಮೇಲೆ ಮಕ್ಕಳಲ್ಲೇ ವಾದ ಶುರುವಾಯಿತು. ಇದು ಚಲೋನೋ, ಚೆಸ್ ಚಲೋನೋ, ಮೊಬೈಲಿನಲ್ಲಿ ಗುಂಡು ಹೊಡೆಯುವುದು ಚಲೋನೋ? ಯುದ್ಧದ ಆಟಗಳಲ್ಲಿ ಯಾವುದು ಶ್ರೇಷ್ಠ? ತೀರ್ಪು ಕೊಡಲು ನಮ್ಮನ್ನು ಕರೆದರು. ನಾವು ಚಹಾ ಕುಡಿಯುವ ನೆಪದಲ್ಲಿ ತಪ್ಪಿಸಿಕೊಂಡೆವು. ಅಂದು ಕೊಡದ ತೀರ್ಪನ್ನು ಇಲ್ಲಿ ಕೊಡಬೇಕೆಂದಿದ್ದೇವೆ.

ಮೊದಲು ಆ ಪೆಟ್ಟಿಗೆಯ ಆಟದ ಮೂಲವನ್ನು ತಿಳಿಯಬೇಕು. ಪಶ್ಚಿಮದಿಂದ ಬಂದ ಹೊಸ ಹುಚ್ಚು ಎಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ಅದರ ಅಜ್ಜ ನಮ್ಮವನೇ. 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್‌ನಲ್ಲಿ ಹೆಲ್‌ವಿಗ್ ಎಂಬ ಗಣಿತದ ಮೇಷ್ಟ್ರು ಚದುರಂಗದ ಹಲಗೆಯನ್ನು ಹಿಗ್ಗಿಸಿ ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳ ಯುದ್ಧದಾಟವೊಂದನ್ನು ಪ್ರಕಟಿಸಿದರು. ನದಿಗೊಂದು ಬಣ್ಣ, ಬೆಟ್ಟಕ್ಕೊಂದು ಬಣ್ಣ. ಮುಂದೆ ಪ್ರಷ್ಯಾದ ರೈಸ್‌ವಿಟ್ಸ್ ಎಂಬ ಅಧಿಕಾರಿ ಮನೆಗಳನ್ನೇ ಅಳಿಸಿಹಾಕಿ, ನಿಜವಾದ ಭೂಪಟದ ಮೇಲೆ ಆಡುವ ಪದ್ಧತಿಯನ್ನು ತಂದೆಯಿಂದ ಪಡೆದು ಬೆಳೆಸಿ 1824ರಲ್ಲಿ ಅಚ್ಚು ಹಾಕಿಸಿದರು. ಗುಂಡಿನ ಗುರಿ ತಪ್ಪಿತೋ ತಗುಲಿತೋ ಎಂಬುದನ್ನು ದಾಳ ನಿರ್ಧರಿಸುತ್ತಿತ್ತು. ಅಲ್ಲಿನ ಸೇನೆಯ ಅಧಿಕಾರಿಗಳು ಅದನ್ನು ಆಡಿಯೇ ಯುದ್ಧ ಕಲಿತರು. 1913ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಎಚ್.ಜಿ. ವೆಲ್ಸ್ ಮಕ್ಕಳ ಸೀಸದ ಸಿಪಾಯಿಗಳನ್ನೂ ಸ್ಪ್ರಿಂಗ್ ಫಿರಂಗಿಯನ್ನೂ ನೆಲದ ಮೇಲೆ ಹರವಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ಇಂದಿನ ಹವ್ಯಾಸಿಗಳೆಲ್ಲ ಅವರನ್ನೇ ಮೂಲಪುರುಷರೆನ್ನುತ್ತಾರೆ. ಬ್ರಿಟನ್ನಿನ ಕಂಪನಿಯೊಂದು 1983ರಲ್ಲಿ 'ವಾರ್‌ಹ್ಯಾಮರ್' ಎಂಬ ಹೆಸರಿನಲ್ಲಿ ಇದನ್ನು ದೊಡ್ಡ ವ್ಯಾಪಾರವನ್ನಾಗಿ ಮಾಡಿತು. ಚತುರಂಗ ಬಲದ ನಮ್ಮ ಆಟ ಇರಾನ್, ಬಗ್ದಾದ್, ಅಂದಲೂಸ್‌ಗಳ ಮೂಲಕ ಯುರೋಪನ್ನು ಮುಟ್ಟಿ, ಅಲ್ಲಿ ವೇಷ ಬದಲಿಸಿ, ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ತಂಬ್ರಹಳ್ಳಿಗೆ ಮರಳಿದೆ ಎನ್ನಬಹುದು.

ವೆಲ್ಸ್ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆವು. ಅವರು ಯುದ್ಧಪ್ರೇಮಿಯಾಗಿರಲಿಲ್ಲ. ಆಟಿಗೆಯ ಯುದ್ಧವನ್ನು ಮೂರು ನಾಲ್ಕು ಸಲ ಆಡಿದವನಿಗೆ ನಿಜವಾದ ಯುದ್ಧ ಎಷ್ಟು ಗೊಂದಲದ, ಎಷ್ಟು ಅವಿವೇಕದ ಕೆಲಸವೆಂಬುದು ತಿಳಿದೀತು ಎಂಬುದು ಅವರ ವಾದವಾಗಿತ್ತು. ಪುಸ್ತಕ ಹೊರಬಂದ ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಅತ್ತ, ಯುದ್ಧದಾಟವನ್ನು ಶ್ರದ್ಧೆಯಿಂದ ಕಲಿತಿದ್ದ ಜರ್ಮನಿಯ ಸೇನಾಧಿಕಾರಿಗಳೇ ಆ ಯುದ್ಧಕ್ಕೆ ಮುಂದಾಗಿ ಹೊರಟವರಲ್ಲಿದ್ದರು. ಆಟ ಆಡಿದವರು ಯುದ್ಧವನ್ನು ದ್ವೇಷಿಸಲು ಕಲಿಯುತ್ತಾರೆ ಎಂಬ ನಂಬಿಕೆಯನ್ನು ನಾವು ಅಂದಿನಿಂದ ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗಿದೆ.

ಹಾಗೆಂದು ಪೆಟ್ಟಿಗೆಯ ಆಟದ ಗುಣಗಳನ್ನು ಮುಚ್ಚಿಡುವುದು ವಿಮರ್ಶೆಯಾಗುವುದಿಲ್ಲ. ಅಂದು ಮೂರು ಗಂಟೆ ನೋಡುತ್ತ ಕುಳಿತ ನಮಗೆ ಒಂದೆರಡು ಸಂಗತಿಗಳು ನಿಜಕ್ಕೂ ಹಿಡಿಸಿದವು. ಚದುರಂಗದ ಕಾಲಾಳು ಹೆದರುವುದಿಲ್ಲ. ಇಲ್ಲಿನ ಸಿಪಾಯಿ ಹೆದರುತ್ತಾನೆ. ಪಕ್ಕದ ಹತ್ತು ಜನ ಬಿದ್ದರೆ ಉಳಿದವರು ನಿಲ್ಲುತ್ತಾರೋ ಓಡುತ್ತಾರೋ ಎಂಬುದಕ್ಕೂ ನಿಯಮವಿದೆ. ಗುಡ್ಡದ ಹಿಂದಿರುವವನು ಕಾಣುವುದಿಲ್ಲ. ಕಾಣದವನ ಮೇಲೆ ಬಾಣ ಬಿಡಲಾಗುವುದಿಲ್ಲ. ಹೊಳೆ ದಾಟುವವನ ನಡೆ ನಿಧಾನವಾಗುತ್ತದೆ. ನೆಲ, ನೀರು, ಅಂಜಿಕೆ, ಈ ಮೂರೂ ಆಟದೊಳಗೆ ಬಂದಿವೆ. ಮತ್ತೆ ಆ ಬಣ್ಣ ಹಚ್ಚುವ ತಾಳ್ಮೆ! ಮೊಬೈಲನ್ನು ಕೆಳಗಿಡದ ಹುಡುಗನೊಬ್ಬ ಒಬ್ಬ ಸಿಪಾಯಿಗಾಗಿ ಎರಡು ಸಂಜೆ ಕೂರುತ್ತಾನೆಂದರೆ ಅದನ್ನು ಹಗುರವಾಗಿ ಕಾಣಬಾರದು.

ಆದರೆ ತೊಂದರೆ ಇರುವುದೂ ಆ ಬಣ್ಣದಲ್ಲಿಯೇ. ಬಣ್ಣ ಹಚ್ಚಬೇಕಾದರೆ ಸಮವಸ್ತ್ರ ಬೇಕು. ಈ ಕಡೆಯವರೆಲ್ಲ ಒಂದೇ ಬಣ್ಣ, ಆ ಕಡೆಯವರೆಲ್ಲ ಇನ್ನೊಂದು. ಗೆಳೆಯರ ಮಗ ಉತ್ಸಾಹದಿಂದ ಒಂದು ಯೋಜನೆ ಹೇಳಿದ. ಮುಂದಿನ ವರ್ಷ ಈ ದೆವ್ವ ಭೂತಗಳ ದಂಡನ್ನು ಬಿಟ್ಟು ನಮ್ಮ ಸೀಮೆಯ ಯುದ್ಧವನ್ನೇ ಮಾಡಬೇಕು, 1565ರ ತಾಳಿಕೋಟೆಯ ಕದನ. ತಂಬ್ರಹಳ್ಳಿಯಿಂದ ಹಂಪಿಯೇನೂ ದೂರವಿಲ್ಲ; 2021ರಿಂದ ನಮ್ಮ ಜಿಲ್ಲೆಯ ಹೆಸರೇ ವಿಜಯನಗರ. ಯೋಜನೆ ಚೆನ್ನಾಗಿಯೇ ಇತ್ತು. ಓಣಿಯ ಹುಡುಗನೊಬ್ಬ ಕೂಡಲೇ ಕೇಳಿದ: "ಅಣ್ಣಾ, ಒಂದು ಕಡಿಗೆ ಕೇಸರಿ, ಒಂದು ಕಡಿಗೆ ಹಸಿರು ಹಚ್ಚಿದ್ರ ಮುಗೀತಲ್ಲ?"

ಮುಗಿಯುವುದಿಲ್ಲ ಮಗೂ. ಅಂದೇ ಹೇಳಬೇಕಿದ್ದ ಈ ಮಾತನ್ನು ಈಗ ಹೇಳುತ್ತಿದ್ದೇವೆ. ಇಮ್ಮಡಿ ದೇವರಾಯನ ಕಾಲದಿಂದಲೇ ವಿಜಯನಗರದ ಸೇನೆಯಲ್ಲಿ ಮುಸ್ಲಿಂ ಸವಾರರೂ ಬಿಲ್ಲುಗಾರರೂ ಇದ್ದರು. ಆ ಅರಸನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ನಿಂತಿದೆ. ರಾಮರಾಯನೇ ಮೊದಲು ಗೋಲ್ಕೊಂಡದ ಸುಲ್ತಾನನ ಚಾಕರಿಯಲ್ಲಿದ್ದವನು. ಬಿಜಾಪುರದ ಅಲಿ ಆದಿಲ್ ಶಾಹನನ್ನು ಮಗನೆಂದು ಕರೆದ ಮನೆ ಅವನದು. ಸುಲ್ತಾನರ ದಂಡಿನಲ್ಲಿ ಮರಾಠ ಸರದಾರರು, ರಾಮರಾಯನ ದಂಡಿನಲ್ಲಿ ಮುಸ್ಲಿಂ ಸರದಾರರು. ಇವರಿಗೆ ಯಾವ ಡಬ್ಬಿಯ ಬಣ್ಣ ಹಚ್ಚುತ್ತೀರಿ? ಪುಟ್ಟ ಬೊಂಬೆಯ ಆಟಕ್ಕೆ ಎರಡೇ ಬಣ್ಣ ಸಾಕು. ಎರಡೇ ಬಣ್ಣದಲ್ಲಿ ಇತಿಹಾಸ ಕಲಿತ ಮಕ್ಕಳು ದೊಡ್ಡವರಾದ ಮೇಲೆ ಓಣಿಗಳಿಗೂ ಅದೇ ಬಣ್ಣ ಹಚ್ಚುತ್ತ ಹೋಗುತ್ತಾರೆ. ಬೊಂಬೆ ಎಷ್ಟು ಸಾಚಾ ಕಾಣುತ್ತದೋ ಅದು ಹೇಳುವ ಸುಳ್ಳೂ ಅಷ್ಟೇ ಸಾಚಾ ಕಾಣುತ್ತದೆ. ಇದು ಆ ಆಟದ ಮೇಲೆ ನಮಗಿರುವ ದೊಡ್ಡ ಆಕ್ಷೇಪ. ರೊಕ್ಕದ ಆಕ್ಷೇಪವನ್ನು ತಾತನವರು ಆಗಲೇ ಹೇಳಿಯಾಗಿದೆ.

ಇನ್ನು ಅಜ್ಜನ ಕಡೆಗೆ ಬರೋಣ. ಚದುರಂಗದ ಬಗ್ಗೆ ಕನ್ನಡ ನಾಡಿಗೆ ಹೆಮ್ಮೆಪಡಲು ಕಾರಣಗಳಿವೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳ ನಡುವೆ ಚದುರಂಗದ ವಿವರಣೆಯೂ ಇದೆ. ಆದರೆ ಈ ಆಟ ಏಕೆ ಹುಟ್ಟಿತು ಎಂಬುದಕ್ಕೆ ನಮಗೆ ಗೊತ್ತಿರುವ ಅತ್ಯುತ್ತಮ ಕಥೆ ಇರುವುದು ಫಾರಸಿಯಲ್ಲಿ, ಫಿರ್ದೌಸಿಯ 'ಶಾಹನಾಮೆ'ಯಲ್ಲಿ. ಹಿಂದೂಸ್ತಾನದ ರಾಣಿಯೊಬ್ಬಳಿಗೆ ಇಬ್ಬರು ಗಂಡು ಮಕ್ಕಳು, ಗವ್ ಮತ್ತು ತಲ್ಹಂದ್. ತಂದೆಯರು ಬೇರೆ, ತಾಯಿ ಒಬ್ಬಳೇ. ಪಟ್ಟಕ್ಕಾಗಿ ಇಬ್ಬರೂ ರಣಕ್ಕಿಳಿಯುತ್ತಾರೆ. ಯಾರ ಕತ್ತಿಯೂ ತಾಗದೆ, ಸುತ್ತಲೂ ದಾರಿ ಕಟ್ಟಿಹೋಗಿ, ದಣಿವಿನಿಂದಲೇ ತಲ್ಹಂದ್ ಆನೆಯ ಮೇಲೆ ಪ್ರಾಣ ಬಿಡುತ್ತಾನೆ. ತಾಯಿ ನಂಬುವುದಿಲ್ಲ, ನೀನೇ ತಮ್ಮನನ್ನು ಕೊಂದೆ ಎನ್ನುತ್ತಾಳೆ. ಆಗ ಗವ್ ಪಂಡಿತರನ್ನು ಕರೆಸಿ ದಂತ ಮತ್ತು ತೇಗದ ಕಾಯಿಗಳನ್ನು ಮಾಡಿಸಿ, ಹಲಗೆಯ ಮೇಲೆ ಆ ಯುದ್ಧವನ್ನು ನಡೆ ನಡೆಯಾಗಿ ಅವಳ ಮುಂದೆ ಇಡುತ್ತಾನೆ. ನೋಡಮ್ಮಾ, ಅರಸನನ್ನು ಯಾರೂ ಕೊಲ್ಲಲಿಲ್ಲ, ಅವನಿಗೆ ಹೋಗಲು ದಾರಿ ಉಳಿಯಲಿಲ್ಲ ಎಂದು ತೋರಿಸಲು. ತಾಯಿ ಹಗಲಿರುಳು ಆ ಹಲಗೆಯನ್ನೇ ನೋಡುತ್ತ ಕುಳಿತು ಕೊನೆಗೆ ಕಣ್ಮುಚ್ಚುತ್ತಾಳೆ.

ಇದು ಇತಿಹಾಸವಲ್ಲ, ಕಾವ್ಯ. ಆದರೆ ಯುದ್ಧದ ಆಟವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಸಿಕ್ಕಿಲ್ಲ. ಆ ಆಟ ಯಾರಿಗಾಗಿ? ಗೆದ್ದವನು ಮೀಸೆ ತಿರುವಲೋ, ಕಳೆದುಕೊಂಡವಳಿಗೆ ಏನಾಯಿತೆಂದು ತಿಳಿಯಲೋ? ಈ ಪ್ರಶ್ನೆಯನ್ನು ಪೆಟ್ಟಿಗೆಯ ಆಟಕ್ಕೆ ಕೇಳಿದರೆ ಉತ್ತರವಿಲ್ಲ. ಸತ್ತ ಸಿಪಾಯಿಯನ್ನು ಹಿಂದಕ್ಕೆ ಪೆಟ್ಟಿಗೆಯ ಸ್ಪಂಜಿನ ಗೂಡಿಗೆ ಹಾಕುತ್ತಾರೆ, ಬಣ್ಣ ಕೆಡಬಾರದೆಂದು!

ಅರಬರ ಕೈಯಲ್ಲಿ ಚದುರಂಗ ಶತ್ರಂಜ್ ಆಯಿತು. ಅಲ್ಲಿ ಅದಕ್ಕೆ ಎರಡು ವಿಶೇಷಗಳು ಬಂದವು. ಒಂದು, ಕಾಯಿಗಳ ರೂಪ. ನಮ್ಮಲ್ಲಿ ಆನೆಯೆಂದರೆ ಸೊಂಡಿಲು, ಅಂಬಾರಿ, ಮಾವುತ ಎಲ್ಲವೂ ಬೇಕು. ಅಲ್ಲಿ ಎರಡು ಸಣ್ಣ ಉಬ್ಬುಗಳಿರುವ ಗುಂಡು ಸಾಕು, ಅದೇ ಆನೆ. ಪ್ರಾಣಿರೂಪಗಳ ಬಗ್ಗೆ ಇದ್ದ ಧಾರ್ಮಿಕ ಹಿಂಜರಿಕೆ ಇದಕ್ಕೆ ಒಂದು ಕಾರಣವೆಂದು ಹೇಳುವುದುಂಟು. ಕಾರಣ ಏನೇ ಇರಲಿ, ಫಲ ಒಳ್ಳೆಯದಾಯಿತು. ರೂಪ ಕಳಚಿದಾಗ ನಡೆ ಉಳಿಯಿತು. ಕಣ್ಣಿಗೆ ಕೆಲಸ ಕಡಿಮೆಯಾಗಿ ಬುದ್ಧಿಗೆ ಹೆಚ್ಚಾಯಿತು. ಒಂಬತ್ತನೆಯ ಶತಮಾನದ ಅಲ್-ಅದ್ಲಿ, ಹತ್ತನೆಯ ಶತಮಾನದ ಅಸ್-ಸೂಲಿ ಇಂಥವರು ಆಟದ ಮೇಲೆ ಗ್ರಂಥಗಳನ್ನೇ ಬರೆದರು. ಸೂಲಿ ಕಟ್ಟಿಟ್ಟ ಒಂದು ಸಮಸ್ಯೆಯನ್ನು ಬಿಡಿಸಲು ಸಾವಿರ ವರ್ಷ ಕಳೆದು ರಷ್ಯಾದ ಯೂರಿ ಅವರ್ಬಾಕ್ ಬರಬೇಕಾಯಿತು.

ಎರಡನೆಯದು, ವಾದ. ದಾಳದ ಆಟವಾದ ನರ್ದ್ ಅನ್ನು ಹದೀಸ್‌ಗಳು ಕಟುವಾಗಿ ಖಂಡಿಸಿವೆ. ಅದರ ಬಗ್ಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಶತ್ರಂಜ್ ಬಗ್ಗೆ ಮಾತ್ರ ಉಲೇಮಾಗಳು ಶತಮಾನಗಳ ಕಾಲ ವಾದಿಸಿದ್ದಾರೆ. ಹೆಚ್ಚಿನ ಪಂಥಗಳು ಬೇಡವೆಂದವು. ಪಣವಿಲ್ಲದೆ, ನಮಾಝ್ ತಪ್ಪಿಸದೆ ಆಡುವುದು ಇಷ್ಟವಾಗದ ಕೆಲಸವೇ ಹೊರತು ಹರಾಮ್ ಅಲ್ಲವೆಂಬುದು ಇಮಾಮ್ ಶಾಫಿಈಯವರ ನಿಲುವು. ತಾಬಿಈ ವಿದ್ವಾಂಸರಾದ ಸಯೀದ್ ಬಿನ್ ಜುಬೈರ್ ಹಲಗೆಗೆ ಬೆನ್ನು ಮಾಡಿ ಕುಳಿತು ಬಾಯಲ್ಲೇ ನಡೆ ಹೇಳಿ ಆಡುತ್ತಿದ್ದರೆಂದು ದಾಖಲಾಗಿದೆ. ಇತಿಹಾಸಕಾರ ಮಸ್ಊದಿ ಒಬ್ಬ ಚಿಂತಕನ ಮಾತೆಂದು ಸೊಗಸಾದ ಹೋಲಿಕೆಯೊಂದನ್ನು ಕೊಡುತ್ತಾನೆ. ಚದುರಂಗವನ್ನು ಕಂಡುಹಿಡಿದವನು ಮನುಷ್ಯನ ಸ್ವಂತ ಆಯ್ಕೆಯನ್ನು ನಂಬಿದವನು, ನರ್ದ್ ಕಂಡುಹಿಡಿದವನು ಎಲ್ಲವೂ ವಿಧಿಯೆಂದು ನಂಬಿದವನು ಎಂದು. ನಾವು ಇಲ್ಲಿ ಫತ್ವಾ ಕೊಡಲು ಕುಳಿತಿಲ್ಲ. ಆದರೆ ಒಂದು ಆಟವನ್ನು ಇಷ್ಟು ಗಂಭೀರವಾಗಿ ವಿಚಾರಣೆ ಮಾಡಿದ ಹಿರಿಯರ ಮುಂದೆ, ಮಗುವಿನ ಕೈಗೆ ಏನು ಕೊಡುತ್ತಿದ್ದೇವೆಂದು ಒಂದು ಗಳಿಗೆಯೂ ಯೋಚಿಸದ ನಾವು ಸಣ್ಣವರಾಗಿ ಕಾಣುತ್ತೇವೆ.

ಚದುರಂಗದ ಇನ್ನೊಂದು ಮುಖವೂ ಇದೆ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ಅರಮನೆ ಉಳಿಯಿತು, ರಾಜ್ಯ ಹೋಯಿತು. ಆ ಅರಸರು ಉಳಿದ ದೀರ್ಘಕಾಲವನ್ನು ಕಳೆದ ವಿಧಾನಗಳಲ್ಲಿ ಹಲಗೆಯಾಟಗಳನ್ನು ರೂಪಿಸುವುದೂ ಒಂದು. ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆಯ ನಡೆಗಳನ್ನು ಬಗೆಬಗೆಯಾಗಿ ಬಿಡಿಸಿದರು, ಗಂಜೀಫಾದ ಹೊಸ ಹೊಸ ಕಟ್ಟುಗಳನ್ನು ಮಾಡಿಸಿದರು. 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ 'ಕೌತುಕನಿಧಿ' ಆಟಗಳಿಗೇ ಮೀಸಲು. ದಂಡು ಇಲ್ಲದ ಅರಸನ ಕೈಯಲ್ಲಿ ಹಲಗೆಯ ಕುದುರೆಯೊಂದೇ ಎಲ್ಲ ಮನೆಗಳಿಗೂ ಹೋಗಿ ಬರಲು ಸ್ವತಂತ್ರವಾಗಿತ್ತು. ಅತ್ತ 1856ರಲ್ಲಿ ಅವಧ್ ಕೈಬಿಟ್ಟುಹೋದ ಹೊತ್ತಿನಲ್ಲಿ ಶತ್ರಂಜ್ ಆಡುತ್ತ ಕುಳಿತ ಇಬ್ಬರು ಜಾಗೀರದಾರರ ಕಥೆಯನ್ನು ಪ್ರೇಮಚಂದ್ ಬರೆದರು, ಸತ್ಯಜಿತ್ ರೇ 1977ರಲ್ಲಿ ಸಿನಿಮಾ ಮಾಡಿದರು. ಪ್ರೇಮಚಂದರ ಸಿಟ್ಟು ನ್ಯಾಯವಾದದ್ದು. ಆದರೆ ಮೈಸೂರಿನ ಅರಸರ ಹಲಗೆಗಳನ್ನು ನೋಡುವಾಗ ನಮಗೆ ಸಿಟ್ಟು ಬರುವುದಿಲ್ಲ.

ಚದುರಂಗದ ಮೇಲಿನ ಗೌರವ ಇಷ್ಟಿದ್ದರೂ ಮೊದಲ ಸ್ಥಾನವನ್ನು ನಾವು ಅದಕ್ಕೆ ಕೊಡುತ್ತಿಲ್ಲ. ಕಾರಣ, ಅದರ ಮೂಲದಲ್ಲೇ ಒಂದು ಅಂದವಾದ ಸುಳ್ಳಿದೆ. ಎರಡೂ ಕಡೆ ಹದಿನಾರು, ಎರಡೂ ಕಡೆ ಸಮ. ಲೋಕದಲ್ಲಿ ಎಲ್ಲಿ ಹಾಗೆ ಯುದ್ಧ ನಡೆದಿದೆ? ಪಂಜಾಬಿನ ಮೀರ್ ಸುಲ್ತಾನ್ ಖಾನರನ್ನೇ ನೋಡಿ. ಜಮೀನ್ದಾರರೊಬ್ಬರ ಪರಿವಾರದವರಾಗಿ ಲಂಡನ್ನಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಹಲಗೆಯ ಮೇಲೆ ಸಮಾನರಾಗಿದ್ದ ಅವರು ಹಲಗೆಯ ಹೊರಗೆ ಸಮಾನರಾಗಿರಲಿಲ್ಲ. ಊರಿಗೆ ಮರಳಿ ಹೊಲ ನೋಡಿಕೊಂಡು ಬದುಕಿ 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.

ಪಗಡೆ, ಚೌಕಾಬಾರಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಮಳೆಗಾಲದ ಮಧ್ಯಾಹ್ನ ಹೆಂಗಸರು ಕವಡೆ ಎಸೆದು ನಗುತ್ತ ಆಡುವ ಚೌಕಾಬಾರ ನಮಗೂ ಪ್ರಿಯ. ಆದರೆ ಅದು ಯುದ್ಧವಲ್ಲ, ಓಟ. ಪಗಡೆಯ ದಾಳ ಎಲ್ಲಿಗೆ ಒಯ್ಯುತ್ತದೆಂಬುದನ್ನು ಧರ್ಮರಾಯನ ಕಥೆ ಕೇಳಿದ ನಾಡಿಗೆ ನಾವು ಹೊಸದಾಗಿ ಹೇಳಬೇಕಿಲ್ಲ. ಮೊಬೈಲ್ ಆಟಕ್ಕೂ ಇಷ್ಟೇ ಜಾಗ ಸಾಕು. ಪಬ್ಜಿಯನ್ನು ಸರಕಾರ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧಿಸಿತು. ಮರುವರ್ಷವೇ ಅದು ಹೆಸರು ಬದಲಿಸಿ ಬಂದಿತು. ಅದರಲ್ಲಿ ನೂರು ಜನ ಇಳಿಯುತ್ತಾರೆ, ಕೊನೆಗೆ ಉಳಿದವನು ಗೆಲ್ಲುತ್ತಾನೆ. ಆ ತೊಂಬತ್ತೊಂಬತ್ತು ಜನರ ತಾಯಂದಿರಿಗೆ ಯಾರೂ ಏನನ್ನೂ ವಿವರಿಸುವುದಿಲ್ಲ.

ನಮ್ಮ ಆಯ್ಕೆ ಹುಲಿಮನೆ ಆಟ. ಹುಲಿ ಕುರಿ ಆಟ, ಆಡು ಹುಲಿ, ಹುಲಿಕಟ್ಟು, ಊರಿಗೊಂದು ಹೆಸರು. ಅಂದು ಸಂಜೆ ಬಿಸಿಲು ಇಳಿದ ಮೇಲೆ ತಾತನವರು ಕಟ್ಟೆಯ ಮೇಲೆ ಇದ್ದಿಲಿನಿಂದ ಎಳೆದದ್ದು ಇದನ್ನೇ. ಒಂದು ತುದಿಯಿಂದ ಬೆಟ್ಟದಂತೆ ಇಳಿಯುವ ಗೆರೆಗಳು, ಅವನ್ನು ಅಡ್ಡ ಕತ್ತರಿಸುವ ಗೆರೆಗಳು, ಸೇರುವೆಡೆಗಳು ಇಪ್ಪತ್ಮೂರು. ಹುಲಿ ಮೂರು, ಕುರಿ ಹದಿನೈದು. ಹುಲಿಗೆ ಮೂರು ಹೆಂಚಿನ ಚೂರು, ಕುರಿಗೆ ಹುಣಸೆ ಬೀಜ. ಇಡೀ ದಂಡಿನ ಖರ್ಚು ಶೂನ್ಯ. ಹಂಪಿಯ ಮಂಟಪಗಳ ಹಾಸುಗಲ್ಲುಗಳನ್ನು ಗಮನಿಸಿ ನೋಡಿದವರಿಗೆ ಇಂಥ ಆಟದ ಮನೆಗಳ ಗೀರುಗಳು ಕಾಣಸಿಗುತ್ತವೆ. ಅರಸರ ಶಾಸನಗಳ ಪಕ್ಕದಲ್ಲಿ, ಕೆಲಸವಿಲ್ಲದ ಹೊತ್ತಿನಲ್ಲಿ ಕಾವಲುಗಾರನೋ ಕಲ್ಲುಕುಟಿಗನೋ ಯಾತ್ರಿಕನೋ ಕೊರೆದಿಟ್ಟ ಶಾಸನ ಇದು. ಈಗ ಊರೂರಿನ ಗುಡಿ, ದರ್ಗಾ, ಚಾವಡಿಗಳಲ್ಲಿ ಜೀರ್ಣೋದ್ಧಾರವೆಂದರೆ ಹಳೆಯ ಕಲ್ಲಿನ ಮೇಲೆ ಟೈಲ್ಸ್ ಹಾಸುವುದು ಎಂದಾಗಿದೆ. ಕಾಲು ಜಾರುವ ಆ ನುಣುಪಿನ ಕೆಳಗೆ ಎಷ್ಟು ಹುಲಿಮನೆಗಳು ಮುಚ್ಚಿಹೋದವೋ!

ಆಟ ಶುರುವಾಗುವಾಗ ಬಯಲು ಖಾಲಿ, ಹುಲಿಗಳು ಮಾತ್ರ ಇವೆ. ಕುರಿಯವನು ಒಂದೊಂದೇ ಕುರಿಯನ್ನು ಇಡುತ್ತ ಹೋಗಬೇಕು. ಹದಿನೈದನ್ನೂ ಇಟ್ಟು ಮುಗಿಯುವವರೆಗೆ ಯಾವ ಕುರಿಯೂ ಕದಲುವಂತಿಲ್ಲ, ಹುಲಿ ಮಾತ್ರ ಮೊದಲ ಗಳಿಗೆಯಿಂದ ಓಡಾಡುತ್ತದೆ. ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಅದನ್ನು ಹಾರಿ ಹಿಡಿಯುತ್ತದೆ. ಕುರಿ ಹುಲಿಯನ್ನು ಎಂದೂ ಹಿಡಿಯಲಾರದು. ಅದಕ್ಕೆ ಹಲ್ಲಿಲ್ಲ, ಉಗುರಿಲ್ಲ. ಅದಕ್ಕಿರುವ ಒಂದೇ ಬಲವೆಂದರೆ ಹಿಂದೆ ಇನ್ನೊಂದು ಕುರಿ ನಿಂತಿರುವುದು. ಹೀಗೆ ಒಂದರ ಬೆನ್ನಿಗೆ ಒಂದು ನಿಂತು, ಮನೆ ಮನೆಯನ್ನೂ ತುಂಬುತ್ತ, ಹುಲಿಗೆ ಹೋಗಲು ದಾರಿಯೇ ಇಲ್ಲದಂತೆ ಮಾಡಿದರೆ ಕುರಿ ಗೆದ್ದಂತೆ. ಗವ್ ತನ್ನ ತಾಯಿಗೆ ತೋರಿಸಿದ್ದೂ ಇದನ್ನೇ ಅಲ್ಲವೇ? ಯಾರೂ ಕೊಲ್ಲಲಿಲ್ಲ, ದಾರಿ ಉಳಿಯಲಿಲ್ಲ.

ಇಲ್ಲಿ ಒಂದು ಕುರಿ ಹೋದಾಗ ಎರಡು ಕೆಲಸ ಕೆಡುತ್ತವೆ. ಅದು ಹೋಯಿತು, ಅದನ್ನು ನಂಬಿ ನಿಂತಿದ್ದ ಪಕ್ಕದ ಕುರಿಯ ಬೆನ್ನೂ ಬಯಲಾಯಿತು. ಚದುರಂಗದಲ್ಲಿ ಜಾಣ ಆಟಗಾರ ಕಾಲಾಳನ್ನು ಬೇಕೆಂದೇ ಬಲಿ ಕೊಡುತ್ತಾನೆ, ಅದನ್ನು ಸೊಗಸೆಂದು ಹೊಗಳುತ್ತೇವೆ. ಹುಲಿಮನೆಯಲ್ಲಿ ಒಂದೆರಡು ಕುರಿ ಹೋದರೂ ತಡೆದುಕೊಳ್ಳಬಹುದು, ನಾಲ್ಕೈದು ಹೋದರೆ ಹುಲಿಗೆ ಬೇಲಿ ಹಾಕಲು ಮಂದಿಯೇ ಸಾಲುವುದಿಲ್ಲ. ಕಳೆದುಕೊಂಡದ್ದರ ಲೆಕ್ಕ ಕೊನೆಯವರೆಗೂ ಕಾಡುತ್ತದೆ. ಅಸಮಾನರ ನಡುವಿನ ಆಟವಾದರೂ ಇದು ಅನ್ಯಾಯದ ಆಟವಲ್ಲ. ನೇಪಾಳದಲ್ಲಿ ನಾಲ್ಕು ಹುಲಿ ಇಪ್ಪತ್ತು ಆಡುಗಳಿಂದ ಆಡುವ ಇದರ ಸೋದರ ಆಟವನ್ನು ಗಣಕಯಂತ್ರದಿಂದ ಪೂರ್ತಿ ಲೆಕ್ಕ ಹಾಕಿ ನೋಡಿದವರಿದ್ದಾರೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ, ಸಮ.

ಈ ಆಟದಲ್ಲೂ ದೋಷವಿದೆ. ಕುರಿಯವನ ಆಟ ಮೊದಲಿಗೆ ಬೇಸರ ತರಿಸುತ್ತದೆ, ಹೊಸದಾಗಿ ಕಲಿಯುವ ಮಗು ಹುಲಿಯೇ ಬೇಕೆಂದು ಹಟ ಹಿಡಿಯುತ್ತದೆ. ಇನ್ನೊಂದು ಅಪಾಯ ದೊಡ್ಡವರದು, ನಮ್ಮಂಥವರದು. ಹಲಗೆ ಕಂಡ ಕೂಡಲೇ ಹುಲಿ ಯಾರು, ಕುರಿ ಯಾರು ಎಂದು ಹೆಸರಿಡಲು ತೊಡಗುತ್ತೇವೆ. ನಮ್ಮ ಸಮುದಾಯದ ಸಭೆಗಳಲ್ಲಿ ಈ ಹೋಲಿಕೆಯನ್ನು ಎಷ್ಟು ಸಲ ಕೇಳಿಲ್ಲ! ನಾವು ಯಾವಾಗಲೂ ಕುರಿ, ಅವರು ಯಾವಾಗಲೂ ಹುಲಿ. ಬೇರೆ ಸಭೆಗಳಲ್ಲಿ ಇದೇ ಮಾತನ್ನು ತಿರುವಿ ಹೇಳುತ್ತಾರೆಂಬುದೂ ನಮಗೆ ಗೊತ್ತಿದೆ. ಆದರೆ ಕಟ್ಟೆಯ ನಿಯಮ ಅದಲ್ಲ. ಒಂದು ಆಟ ಮುಗಿದೊಡನೆ ಹಲಗೆಯನ್ನು ತಿರುಗಿಸಬೇಕು, ಹುಲಿಯಾಗಿದ್ದವನು ಕುರಿಯಾಗಬೇಕು. ತಾತ ಇದರಲ್ಲಿ ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ. ಎರಡು ಸಲ ಹುಲಿಯಾಗುತ್ತೇನೆಂದ ಮೊಮ್ಮಗನ ತಲೆಗೆ ಮೆಲ್ಲಗೆ ಮೊಟಕಿ, "ಈಗ ಕುರಿ ಕಾಯಿ ಬಾ, ಆಗ ಗೊತ್ತಾಗ್ತತಿ" ಎಂದರು.

ಆ ಸಂಜೆ ಮೊದಲ ಆಟವನ್ನು ತಾತನವರ ಜೊತೆ ಆಡಿದ್ದು ಬೆಂಗಳೂರಿನ ಹುಡುಗ. ಅವನದು ಹುಲಿ. ಮೂರು ಕುರಿ ಹಿಡಿಯುವವರೆಗೆ ಅವನ ಮುಖದಲ್ಲಿ ಗೆಲುವಿತ್ತು. ಆಮೇಲೆ ಹುಣಸೆ ಬೀಜಗಳು ಸದ್ದಿಲ್ಲದೆ ಒಂದರ ಹಿಂದೆ ಒಂದು ಬಂದು ನಿಂತವು. ಮಗ್ರಿಬ್‌ನ ಬಾಂಗ್ ಕೇಳುವ ಹೊತ್ತಿಗೆ ಮೂರು ಹುಲಿಗಳೂ ಮೂಲೆ ಹಿಡಿದಿದ್ದವು. ನಮಾಝ್ ಮುಗಿಸಿ ಬಂದವನು ಇನ್ನೊಂದು ಆಟಕ್ಕೆ ಕುಳಿತ. ಮತ್ತೆ ಸೋತ, ಈ ಸಲ ಕುರಿಯಾಗಿ. ಅವನ ತಾಯಿ ಊಟಕ್ಕೆ ಎರಡು ಸಲ ಕರೆದು ಸುಮ್ಮನಾದರು.

ಮೂರನೆಯ ಆಟಕ್ಕೆ ಹೆಂಚಿನ ಚೂರು ಕತ್ತಲಲ್ಲಿ ಎಲ್ಲೋ ಉರುಳಿಹೋಗಿತ್ತು. ಹುಡುಗ ಒಳಗೆ ಹೋಗಿ ಪೆಟ್ಟಿಗೆಯಿಂದ ಮೂರು ಮೃಗಗಳನ್ನು ತಂದು ಹುಲಿಯ ಮನೆಗಳಲ್ಲಿ ನಿಲ್ಲಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ತಾತ ಬ್ಯಾಟರಿ ಬೆಳಕು ಬಿಟ್ಟು ಅವನ್ನು ಸುತ್ತಲೂ ತಿರುಗಿಸಿ ನೋಡಿದರು, ಹಲ್ಲು ಮುಟ್ಟಿದರು, ಬಾಲ ಮುಟ್ಟಿದರು.

"ಚಂದ ಅದಾವು ಬಿಡು. ಆದ್ರ ಇವಕ್ಕ ಮೈ ಬಾಳ ಐತಿ, ಕೆಳಗಿನ ಗೆರಿ ಕಾಣವಲ್ದು. ತಗದಿಟ್ಟು ಮೂರು ಕಲ್ಲು ತಗೊಂಬಾ ಹೋಗು."

ಹುಡುಗ ಕಲ್ಲು ಹುಡುಕಲು ಎದ್ದ.